ಬಗೆಹರಿಯದ ಕೊಲೆ ಕೇಸಿನ ಸಿನಿಮಾ, ಕಾದಂಬರಿ: ನಿಜ ಎಷ್ಟು, ಕಥೆ ಎಷ್ಟು ಎಂದು ನೀವೇ ಪರೀಕ್ಷಿಸುವುದು ಹೇಗೆ?

ಹಳೆಯ ಕಾಲದ ಕೊಲೆ ಕೇಸ್‌ಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಅದೇ ಪ್ರಶ್ನೆ ಬರುತ್ತದೆ. "ಸಿನಿಮಾದಲ್ಲಿ ತೋರಿಸಿದ್ದು ನಿಜಾನಾ? ರಾಣಿಯ ಡಾಕ್ಟರೇ ಅಲ್ವಾ ಜಾಕ್ ದಿ ರಿಪ್ಪರ್?" (1888ರಲ್ಲಿ ಲಂಡನ್‌ನಲ್ಲಿ ಹೆಂಗಸರನ್ನು ಕೊಂದು, ಕೊನೆಗೂ ಸಿಕ್ಕಿಬೀಳದ ಕೊಲೆಗಾರ ಈ ರಿಪ್ಪರ್.) ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ನನಗೂ ಸಾಕಾಗಿದೆ. ಹಾಗಾಗಿ ನೀವೇ ಕೂತು ಪರೀಕ್ಷೆ ಮಾಡುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ಒಂದು ಸಿನಿಮಾಕ್ಕೆ ಎರಡು ಸಂಜೆ ಸಾಕು.

ಕಥೆಗಾರ ಕಲ್ಪಿಸಿಕೊಂಡದ್ದು ಅಪರಾಧವೇನಲ್ಲ. ಅದು ಅವನ ಕೆಲಸ. ಆದರೆ ಬಗೆಹರಿಯದ ಕೇಸಿಗೆ ಕೊನೆ ಇಲ್ಲ, ಕಥೆಗೆ ಕೊನೆ ಬೇಕೇ ಬೇಕು. ಇಲ್ಲದ ಕೊನೆಯೊಂದನ್ನು ತಂದು ಕೂರಿಸಿದಾಗ ಅದಕ್ಕೆ ತಕ್ಕಂತೆ ಹಿಂದಿನದ್ದನ್ನೆಲ್ಲ ಜರುಗಿಸಬೇಕಾಗುತ್ತದೆ. ತಾರೀಖು, ವಯಸ್ಸು, ಪತ್ತೇದಾರನ ಸ್ವಭಾವ, ಕೊನೆಗೆ ಆ ರಾತ್ರಿಯ ಹವಾಮಾನ ಕೂಡ. ಹೀಗೆ ಜರುಗಿಸಿದ ಜಾಗಗಳನ್ನು ಗುರುತಿಸುವುದೇ ನಮ್ಮ ಕೆಲಸ.

ಇದೇನು ಈಗಿನ ಚಾಳಿಯಲ್ಲ. 1841ರ ಜುಲೈನಲ್ಲಿ ನ್ಯೂಯಾರ್ಕ್‌ನ ಮೇರಿ ರೋಜರ್ಸ್ ಎಂಬ ಯುವತಿಯ ಶವ ಹಡ್ಸನ್ ನದಿಯಲ್ಲಿ ಸಿಕ್ಕಿತು. ಮರುವರ್ಷವೇ ಎಡ್ಗರ್ ಅಲನ್ ಪೋ ಅದನ್ನು ಪ್ಯಾರಿಸ್‌ಗೆ ಸಾಗಿಸಿ ಕಥೆ ಬರೆದ. ಕೇಸನ್ನು ತಾನು ಬಿಡಿಸಿದ್ದೇನೆ ಎನ್ನುವ ಧಾಟಿ ಅದರಲ್ಲಿತ್ತು. ಕಥೆ ಕಂತುಗಳಲ್ಲಿ ಬರುತ್ತಿರುವಾಗಲೇ ಪತ್ರಿಕೆಗಳಲ್ಲಿ ಬೇರೆ ಸುದ್ದಿ ಬಂತು. ಗರ್ಭಪಾತ ಮಾಡಿಸುವಾಗ ಆಕೆ ಸತ್ತಿರಬಹುದು ಎಂದು. ಪೋ 1845ರಲ್ಲಿ ಕಥೆಯನ್ನು ಪುಸ್ತಕದಲ್ಲಿ ಸೇರಿಸುವಾಗ ಅಲ್ಲಲ್ಲಿ ಸದ್ದಿಲ್ಲದೆ ತಿದ್ದಿ, ಆ ಸಾಧ್ಯತೆಗೂ ಜಾಗ ಮಾಡಿಕೊಂಡ. ಜಾಣ!

ಏನೇನು ಬೇಕು?

ಒಂದು ನೋಟ್‌ಬುಕ್, ಇಂಟರ್ನೆಟ್, ತಾಳ್ಮೆ. ಜೊತೆಗೆ ಈ ಕೆಲವು ಪದಗಳ ಪರಿಚಯ.

ಇನ್ಕ್ವೆಸ್ಟ್: ಸಾವು ಹೇಗಾಯಿತು ಎಂದು ತಿಳಿಯಲು ನಡೆಸುವ ಸಾರ್ವಜನಿಕ ವಿಚಾರಣೆ. ಇದನ್ನು ನಡೆಸುವ ಅಧಿಕಾರಿ ಕಾರೋನರ್. ಇಲ್ಲಿ ಯಾರೂ ಆರೋಪಿಯಲ್ಲ. ಸಾಕ್ಷಿಗಳು ಪ್ರಮಾಣ ಮಾಡಿ ಹೇಳುತ್ತಾರೆ, ಅಷ್ಟೆ.

ಅಲಿಬಿ: ಕೊಲೆಯ ಹೊತ್ತಿಗೆ ತಾನು ಬೇರೆ ಕಡೆ ಇದ್ದೆ ಎನ್ನುವುದಕ್ಕೆ ಪುರಾವೆ.

ಕ್ಯಾನಾನಿಕಲ್ ಐವರು: ರಿಪ್ಪರ್ ಕೊಂದದ್ದು ಎಂದು ಹೆಚ್ಚಿನವರು ಒಪ್ಪುವ ಐದು ಮಹಿಳೆಯರು. ಒಪ್ಪಿಗೆ ಎಂದರೆ ಸಾಬೀತು ಎಂದಲ್ಲ, ಇದನ್ನು ಮರೆಯಬೇಡಿ.

1. ಸಿನಿಮಾ ಹೇಳುವುದನ್ನು ಪಟ್ಟಿ ಮಾಡಿ

ನೋಡಿದ ದಿನವೇ ಬರೆಯಿರಿ. "ಕೊಲೆಗಾರ ಡಾಕ್ಟರ್", "ರಾತ್ರಿ ಮಂಜು ಕವಿದಿತ್ತು", "ಇನ್ಸ್‌ಪೆಕ್ಟರ್ ಸತ್ಯ ಕಂಡುಹಿಡಿದ, ಮೇಲಿನವರು ಮುಚ್ಚಿಹಾಕಿದರು". ಹೀಗೆ ಸಣ್ಣ ಸಣ್ಣ ವಾಕ್ಯ. ಹತ್ತು ಹನ್ನೆರಡು ಸಾಕು. ಪಕ್ಕದಲ್ಲಿ ಮೂರು ಕಾಲಂ ಎಳೆಯಿರಿ: ದಾಖಲೆ ಇದೆ, ದಾಖಲೆಗೆ ವಿರುದ್ಧ, ಗೊತ್ತಿಲ್ಲ.

"ನೈಜ ಘಟನೆ ಆಧಾರಿತ" ಎಂಬ ಸಾಲಿಗೆ ಬೆಲೆ ಕೊಡಬೇಡಿ. ಊರಿನ ಹೆಸರೊಂದು ನಿಜವಿದ್ದರೂ ಆ ಸಾಲು ಹಾಕಬಹುದು.

2. ತಾರೀಖು, ಜಾಗ, ಲೆಕ್ಕ ಗಟ್ಟಿ ಮಾಡಿಕೊಳ್ಳಿ

ಮೊದಲು ಎಲುಬು, ಆಮೇಲೆ ಮಾಂಸ. ರಿಪ್ಪರ್ ಕೇಸಿನ ಎಲುಬು ಹೀಗಿದೆ. ಊರು ಲಂಡನ್, ವರ್ಷ 1888. ಆಗಸ್ಟ್ 31ಕ್ಕೆ ಮೇರಿ ಆನ್ ನಿಕೋಲ್ಸ್, ಸೆಪ್ಟೆಂಬರ್ 8ಕ್ಕೆ ಆನಿ ಚಾಪ್‌ಮನ್. ಸೆಪ್ಟೆಂಬರ್ 30ರ ನಸುಕಿನಲ್ಲಿ ಒಂದು ಗಂಟೆಯೊಳಗೆ ಇಬ್ಬರು: ಎಲಿಜಬೆತ್ ಸ್ಟ್ರೈಡ್ ಮತ್ತು ಕ್ಯಾಥರೀನ್ ಎಡ್ಡೋಸ್. ನವೆಂಬರ್ 9ಕ್ಕೆ ಮೇರಿ ಜೇನ್ ಕೆಲ್ಲಿ. ಐವರಲ್ಲಿ ಮನೆಯೊಳಗೆ ಸತ್ತವಳು ಕೆಲ್ಲಿ ಒಬ್ಬಳೇ.

ಪೊಲೀಸರ ವೈಟ್‌ಚಾಪೆಲ್ (ಲಂಡನ್‌ನ ಒಂದು ಬಡ ಪ್ರದೇಶ) ಕೊಲೆಗಳ ಫೈಲ್‌ನಲ್ಲಿ ಇರುವುದು ಐದಲ್ಲ, 11 ಸಾವು. 1888ರ ಏಪ್ರಿಲ್‌ನಿಂದ 1891ರ ಫೆಬ್ರವರಿವರೆಗೆ. ಕಥೆಗೆ ಐದು ಅನುಕೂಲ. ಐದನೆಯದರಲ್ಲಿ ಕ್ಲೈಮ್ಯಾಕ್ಸ್ ಸಿಗುತ್ತದೆ, ಪರದೆ ಬೀಳುತ್ತದೆ.

ಲೆಕ್ಕ ಹೇಗೆ ಊದಿಕೊಳ್ಳುತ್ತದೆ ನೋಡಿ. 1892ರ ಆಗಸ್ಟ್ 4ರಂದು ಅಮೆರಿಕದ ಫಾಲ್ ರಿವರ್ ಊರಿನಲ್ಲಿ ಆಂಡ್ರೂ ಬೋರ್ಡನ್ ಮತ್ತು ಅವನ ಹೆಂಡತಿ ಆಬಿ ಕೊಲೆಯಾದರು. ಮಗಳು ಲಿಝಿ ಅಮ್ಮನಿಗೆ 40 ಏಟು, ಅಪ್ಪನಿಗೆ 41 ಏಟು ಹಾಕಿದಳು ಎಂದು ಮಕ್ಕಳ ಪದ್ಯವೇ ಇದೆ. ವೈದ್ಯರು ಎಣಿಸಿದ್ದು ಆಬಿಗೆ ಹೆಚ್ಚೆಂದರೆ 19, ಆಂಡ್ರೂಗೆ ಹೆಚ್ಚೆಂದರೆ 11. ಆಬಿ ಅಮ್ಮನಲ್ಲ, ಮಲತಾಯಿ. ಇನ್ನೂ ಮುಖ್ಯವಾದದ್ದು ಎಂದರೆ 1893ರ ಜೂನ್‌ನಲ್ಲಿ ಜ್ಯೂರಿ ಲಿಝಿಯನ್ನು ನಿರ್ದೋಷಿ ಎಂದು ಬಿಟ್ಟಿತು. ಅದು ಪದ್ಯದಲ್ಲಿ ಇಲ್ಲ. ಎಷ್ಟೋ ಕಾದಂಬರಿಗಳು ಶುರುವಾಗುವುದು ಆ ಪದ್ಯದಿಂದಲೇ.

ಎಚ್ಚರಿಕೆ: ಕೊಲೆಗಾರ ತಾನೇ ಹೇಳಿಕೊಂಡ ಲೆಕ್ಕವನ್ನು ನಂಬಬೇಡಿ. 1968 ಮತ್ತು 1969ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೊಲೆ ಮಾಡಿದ ಝೋಡಿಯಾಕ್ ತನ್ನ ಪತ್ರದಲ್ಲಿ 37ರವರೆಗೆ ಎಣಿಸಿದ. ಪೊಲೀಸರು ಖಚಿತವಾಗಿ ಅವನ ಲೆಕ್ಕಕ್ಕೆ ಹಾಕಿದ್ದು ಐದು ಸಾವು. ಇಬ್ಬರು ಗಾಯಗೊಂಡು ಉಳಿದರು.

3. ಯಾವ ಮಾತು ಯಾವ ಪದರದ್ದು ಎಂದು ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಒಂದು ಕೇಸಿನ ಬಗ್ಗೆ ಸಿಗುವ ಮಾತುಗಳು ಪದರ ಪದರವಾಗಿರುತ್ತವೆ. ಎಲ್ಲಕ್ಕಿಂತ ಕೆಳಗೆ ಆ ವಾರದ ಕಾಗದಗಳು: ಇನ್ಕ್ವೆಸ್ಟ್ ಸಾಕ್ಷ್ಯ, ವೈದ್ಯರ ಟಿಪ್ಪಣಿ, ಪೊಲೀಸ್ ವರದಿ. ಅದರ ಮೇಲೆ ಆ ಕಾಲದ ಪತ್ರಿಕೆ. ಅದರ ಮೇಲೆ ಅಧಿಕಾರಿಗಳು ವರ್ಷಗಳ ನಂತರ ನೆನಪಿನಿಂದ ಬರೆದದ್ದು. ಅದರ ಮೇಲೆ "ಕೊಲೆಗಾರ ಇವನೇ" ಎನ್ನುವ ಪುಸ್ತಕ. ತುತ್ತತುದಿಯಲ್ಲಿ ಸಿನಿಮಾ. ಸಿನಿಮಾ ಸಾಮಾನ್ಯವಾಗಿ ತನ್ನ ಕೆಳಗಿನ ಪದರವನ್ನಷ್ಟೇ ಓದಿರುತ್ತದೆ.

ಕೋರ್ಟ್ ದಾಖಲೆ ಹುಡುಕಿಕೊಂಡು ಹೋಗಿ ಸುಮ್ನೆ ಸಮಯ ಕಳೆಯಬೇಡಿ. ಯಾರೂ ಸಿಕ್ಕಿಬೀಳದ ಕೇಸಿಗೆ ಮೊಕದ್ದಮೆಯೇ ಇಲ್ಲ. ಲಂಡನ್‌ನ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳು ಆನ್‌ಲೈನ್‌ನಲ್ಲಿವೆ, ರಿಪ್ಪರ್ ವಿಚಾರಣೆ ಅದರಲ್ಲಿ ಸಿಗುವುದಿಲ್ಲ. ನಿಮಗೆ ಬೇಕಾದದ್ದು ಇನ್ಕ್ವೆಸ್ಟ್ ವರದಿ. ಅಂದಿನ ಪತ್ರಿಕೆಗಳು ಅದನ್ನು ಪ್ರಶ್ನೋತ್ತರದ ಮಟ್ಟಿಗೆ ಅಚ್ಚು ಹಾಕುತ್ತಿದ್ದವು. ಪೊಲೀಸ್ ಫೈಲ್‌ಗಳಲ್ಲಿ ಉಳಿದಿರುವುದು ಲಂಡನ್‌ನ ಕ್ಯೂ ಪ್ರದೇಶದ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಝೋಡಿಯಾಕ್ ಮತ್ತು ಬ್ಲ್ಯಾಕ್ ಡೇಲಿಯಾ (1947ರ ಲಾಸ್ ಏಂಜಲೀಸ್ ಕೊಲೆ, ಮುಂದೆ ಬರುತ್ತದೆ) ಕೇಸ್‌ಗಳಾದರೆ ಎಫ್‌ಬಿಐ ತನ್ನ ಫೈಲ್‌ಗಳ ಪ್ರತಿಯನ್ನು ವಾಲ್ಟ್ ಎಂಬ ತಾಣದಲ್ಲಿ ಪುಕ್ಕಟೆ ಇಟ್ಟಿದೆ.

ಪದರ ಯಾಕೆ ಮುಖ್ಯ ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 1894ರ ಫೆಬ್ರವರಿಯಲ್ಲಿ ಮೆಲ್ವಿಲ್ ಮ್ಯಾಕ್‌ನಾಟನ್ ಎಂಬ ಹಿರಿಯ ಪೊಲೀಸ್ ಅಧಿಕಾರಿ ಒಂದು ಟಿಪ್ಪಣಿ ಬರೆದ. ಮೂವರು ಶಂಕಿತರ ಹೆಸರು ಅದರಲ್ಲಿದೆ: ಡ್ರೂಯಿಟ್, ಕೋಸ್ಮಿನ್‌ಸ್ಕಿ, ಓಸ್ಟ್ರಾಗ್. ಪೊಲೀಸ್ ಅಧಿಕಾರಿಯೇ ಹೇಳಿದ ಮೇಲೆ ಇನ್ನೇನು ಬೇಕು ಅನಿಸುತ್ತದೆ, ಅಲ್ವಾ? ಆದರೆ ಅವನು ಇಲಾಖೆ ಸೇರಿದ್ದೇ 1889ರಲ್ಲಿ, ಐದೂ ಕೊಲೆ ಮುಗಿದ ಮೇಲೆ. ಡ್ರೂಯಿಟ್‌ನನ್ನು ಡಾಕ್ಟರ್ ಎನ್ನಲಾಗಿದೆ ಎಂದು ಬರೆದಿದ್ದಾನೆ. ಆತ ವಕೀಲ, ಶಾಲಾ ಮಾಸ್ತರ. ಟಿಪ್ಪಣಿಯ ಕರಡಿನಲ್ಲಿ ವಯಸ್ಸು 41 ಎಂದಿದೆ. ಆತ ಸತ್ತಾಗ 31. ಓಸ್ಟ್ರಾಗ್ ಅಂತೂ ಆ ತಿಂಗಳುಗಳಲ್ಲಿ ಫ್ರಾನ್ಸ್‌ನಲ್ಲಿ ಬಂಧನದಲ್ಲಿದ್ದ ಎಂದು ಎಷ್ಟೋ ದಶಕಗಳ ನಂತರ ಗೊತ್ತಾಯಿತು. ಇಷ್ಟು ತಪ್ಪಿರುವ ಒಂದು ಕಾಗದದ ಮೇಲೆ ಎಷ್ಟು ಪುಸ್ತಕ ನಿಂತಿವೆ ಎಂದು ಯೋಚಿಸಿ.

ಪತ್ರಿಕೆಗಳೂ ಸಾಚಾ ಅಲ್ಲ. "ಲೆದರ್ ಏಪ್ರನ್" ಎಂಬ ಭಯಂಕರ ವ್ಯಕ್ತಿಯನ್ನು 1888ರ ಸೆಪ್ಟೆಂಬರ್‌ನಲ್ಲಿ ಬೆಳೆಸಿದ್ದು ಅವೇ. ಜಾನ್ ಪೈಝರ್ ಎಂಬ ಬೂಟು ಕೆಲಸದವನನ್ನು ಪೊಲೀಸರು ಹಿಡಿದರು. ನಿಕೋಲ್ಸ್ ಸತ್ತ ರಾತ್ರಿ ಆತ ಬಂದರಿನ ಬೆಂಕಿ ನೋಡುತ್ತಾ ಒಬ್ಬ ಪೊಲೀಸಿನವನ ಜೊತೆ ಮಾತಾಡುತ್ತಿದ್ದ. ಇದಕ್ಕಿಂತ ಒಳ್ಳೆಯ ಅಲಿಬಿ ಎಲ್ಲಿ ಸಿಗಬೇಕು! ಬಿಟ್ಟರು. ಲೆದರ್ ಏಪ್ರನ್ ಮಾತ್ರ ಕಥೆಗಳಲ್ಲಿ ಇನ್ನೂ ಓಡಾಡುತ್ತಿದ್ದಾನೆ.

ಕೆಳಗಿನ ಪದರದಲ್ಲೂ ಜಗಳವಿರುತ್ತದೆ. ಕಥೆಗಾರರು ಅದರಲ್ಲಿ ಒಂದು ಕಡೆಯನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಚಾಪ್‌ಮನ್ ಶವ ನೋಡಿದ ಡಾ. ಫಿಲಿಪ್ಸ್ ಕೊಲೆಗಾರನಿಗೆ ಅಂಗರಚನೆ ಗೊತ್ತಿತ್ತು ಎಂದ. ಕೆಲ್ಲಿ ಶವ ನೋಡಿದ ಡಾ. ಬಾಂಡ್ ಕಟುಕನಷ್ಟು ತಿಳಿವಳಿಕೆಯೂ ಇರಲಿಲ್ಲ ಎಂದು ವರದಿ ಕೊಟ್ಟ. ತೆರೆಯ ಮೇಲೆ ನಿಮಗೆ ಸಿಗುವುದು ಫಿಲಿಪ್ಸ್ ಮಾತು ಮಾತ್ರ. ಸರ್ಜನ್ ಆದರೆ ಚೀಲ, ಚಾಕು, ಸಾರೋಟು ಎಲ್ಲ ಒಟ್ಟಿಗೆ ಬರುತ್ತವಲ್ಲ.

4. ಪತ್ರ, ಗೋಡೆಬರಹ ಬಂದರೆ ಪಕ್ಕಕ್ಕಿಡಿ

"ಜಾಕ್ ದಿ ರಿಪ್ಪರ್" ಎಂಬ ಹೆಸರು ಬಂದದ್ದು 1888ರ ಸೆಪ್ಟೆಂಬರ್ 25ರ ತಾರೀಖಿನ ಪತ್ರವೊಂದರಿಂದ. ಅದು ಹೋದದ್ದು ಪೊಲೀಸರಿಗಲ್ಲ, ಸುದ್ದಿ ಸಂಸ್ಥೆಯೊಂದಕ್ಕೆ. ಅದನ್ನು ಬರೆದವನು ಪತ್ರಕರ್ತ ಎಂದೇ ಹಿರಿಯ ಪೊಲೀಸ್ ಅಧಿಕಾರಿಗಳು ಆಮೇಲೆ ಹೇಳಿದರು. ಅಂದರೆ ಕೊಲೆಗಾರನ ಹೆಸರೇ ಬಹುಶಃ ಸುದ್ದಿಮನೆಯ ಸೃಷ್ಟಿ. ಸಿನಿಮಾದಲ್ಲಿ ಕೊಲೆಗಾರ ದೀಪದ ಬೆಳಕಲ್ಲಿ ಆ ಪತ್ರ ಬರೆಯುವ ದೃಶ್ಯ ಇದ್ದರೆ ನೇರ "ಗೊತ್ತಿಲ್ಲ" ಕಾಲಂಗೆ ಹಾಕಿ.

ಗೋಲ್ಸ್‌ಟನ್ ಸ್ಟ್ರೀಟ್‌ನ ಗೋಡೆಬರಹದ ಕಥೆ ಇನ್ನೂ ಚೆನ್ನಾಗಿದೆ. ಎಡ್ಡೋಸ್ ಕೊಲೆಯ ರಾತ್ರಿ ಆಕೆಯ ಏಪ್ರನ್‌ನ ತುಂಡು ಸಿಕ್ಕ ಕಡೆ, ಯಹೂದಿಗಳ ಬಗ್ಗೆ ಸೀಮೆಸುಣ್ಣದಲ್ಲಿ ಬರೆದ ಸಾಲು ಕಂಡಿತು. ಗಲಭೆಯಾದೀತೆಂದು ಪೊಲೀಸ್ ಕಮಿಷನರ್ ಚಾರ್ಲ್ಸ್ ವಾರೆನ್ ಫೋಟೋ ತೆಗೆಯುವ ಮೊದಲೇ ಅಳಿಸಿಹಾಕಿಸಿದ. ಪೊಲೀಸರು ಬರೆದುಕೊಂಡ ಪ್ರತಿಗಳಲ್ಲಿ "ಅಲ್ಲ" ಎಂಬ ಪದ ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ ಇದೆ. ಯಹೂದಿಗಳು ಎಂಬ ಪದದ ಕಾಗುಣಿತವೂ ಎಲ್ಲದರಲ್ಲಿ ಒಂದೇ ಅಲ್ಲ. ಅದನ್ನು ಕೊಲೆಗಾರನೇ ಬರೆದ ಎನ್ನಲು ಪುರಾವೆ ಇಲ್ಲ. ಆದರೂ ಆ ಒಂದು ಪದದ ಕಾಗುಣಿತ ಹಿಡಿದುಕೊಂಡು ಗುಪ್ತ ಸಂಘದ ದೊಡ್ಡ ಅರಮನೆಯನ್ನೇ ಕಟ್ಟಿದ್ದಾರೆ.

5. ಹವಾಮಾನ, ವೇಷ, ಸಲಕರಣೆ

ಇದು ಸುಲಭ, ಬೇಗ ಮುಗಿಸಿ. ಐದು ಕೊಲೆಗಳ ಯಾವ ರಾತ್ರಿಯೂ ದಟ್ಟ ಮಂಜು ಇರಲಿಲ್ಲ. ಕೆಲವು ರಾತ್ರಿ ಮಳೆ ಇತ್ತು. (ನಾನೂ ಬಹಳ ವರ್ಷ ಮಂಜನ್ನು ನಂಬಿದ್ದೆ. ಎಷ್ಟು ಸಿನಿಮಾ ನೋಡಿದ್ದೆನೋ!) ಎತ್ತರದ ಟೋಪಿ, ಕಪ್ಪು ನಿಲುವಂಗಿಯೂ ಅಷ್ಟೆ. ಎಡ್ಡೋಸ್ ಸಾಯುವ ಸ್ವಲ್ಪ ಮೊದಲು ಆಕೆಯ ಜೊತೆ ಇದ್ದಿರಬಹುದಾದ ಗಂಡಸನ್ನು ನೋಡಿದ ಲಾವೆಂಡೆ ಹೇಳಿದ್ದು ನಾವಿಕನಂಥ ವೇಷ, ಮುಂದೆ ಅಂಚಿರುವ ಕ್ಯಾಪ್, ಕುತ್ತಿಗೆಗೆ ಕೆಂಪು ವಸ್ತ್ರ. ಶ್ರೀಮಂತ ವೇಷದ ಗಂಡಸನ್ನು ಕಂಡೆ ಎಂದವನೂ ಒಬ್ಬನಿದ್ದಾನೆ, ಕೆಲ್ಲಿ ಕೇಸಿನ ಹಚಿನ್‌ಸನ್. ಆದರೆ ಆತ ಠಾಣೆಗೆ ಬಂದದ್ದು ಇನ್ಕ್ವೆಸ್ಟ್ ಮುಗಿದ ಸಂಜೆ, ಪ್ರಮಾಣ ಮಾಡಿ ಹೇಳುವ ಪ್ರಸಂಗವೇ ಬರಲಿಲ್ಲ.

ಸಲಕರಣೆಗೆ ಈ ವರ್ಷಗಳನ್ನು ಇಟ್ಟುಕೊಳ್ಳಿ. ಬೆರಳಚ್ಚು ವಿಭಾಗ ಕಲ್ಕತ್ತಾದಲ್ಲಿ ಶುರುವಾದದ್ದು 1897ರಲ್ಲಿ, ಸ್ಕಾಟ್‌ಲೆಂಡ್ ಯಾರ್ಡ್‌ನಲ್ಲಿ 1901ರಲ್ಲಿ. ರಕ್ತದ ಗುಂಪು ತಿಳಿದದ್ದು 1900ರ ಆಸುಪಾಸು. ಡಿಎನ್‌ಎ ಗುರುತು 1984ರ ನಂತರ. 1888ರ ಪತ್ತೇದಾರ ಲೋಟ ಎತ್ತಿ ಬೆರಳ ಗುರುತು ನೋಡಿದರೆ ನಕ್ಕು ಮುಂದೆ ಹೋಗಿ.

6. ಪತ್ತೇದಾರನನ್ನು ಪರೀಕ್ಷಿಸಿ

ಕಥೆಗೆ ಒಬ್ಬ ನೋವುಂಡ ನಾಯಕ ಬೇಕು. ರಿಪ್ಪರ್ ಕೇಸಿನ ಇನ್ಸ್‌ಪೆಕ್ಟರ್ ಫ್ರೆಡರಿಕ್ ಆಬರ್‌ಲೈನ್ ಪಾಲಿಗೆ ಬಂದದ್ದು ಇದೇ. 2001ರ ಹಾಲಿವುಡ್ ಸಿನಿಮಾದಲ್ಲಿ ಆತ ಅಫೀಮು ಸೇದುತ್ತಾನೆ, ಕೊಲೆಗಳು ಕನಸಿನಲ್ಲಿ ಕಾಣುತ್ತವೆ, ಕೊನೆಗೆ ಅಫೀಮಿನಿಂದಲೇ ಸಾಯುತ್ತಾನೆ. ನಿಜವಾದ ಆಬರ್‌ಲೈನ್ 1892ರಲ್ಲಿ ನಿವೃತ್ತನಾಗಿ, 1929ರಲ್ಲಿ ಬೋರ್ನ್‌ಮತ್ ಊರಿನಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡ.

ಇನ್ನೊಂದನ್ನೂ ನೋಡಿ: ಆ ಜಾಗ ಯಾರ ವ್ಯಾಪ್ತಿ? ಎಡ್ಡೋಸ್ ಕೊಲೆಯಾದ ಮೈಟರ್ ಸ್ಕ್ವೇರ್ ಬರುವುದು ಸಿಟಿ ಆಫ್ ಲಂಡನ್ ಪೊಲೀಸರ ವ್ಯಾಪ್ತಿಗೆ, ಉಳಿದ ನಾಲ್ಕು ಕೊಲೆಗಳು ಮೆಟ್ರೋಪಾಲಿಟನ್ ಪೊಲೀಸರಿಗೆ. ಎರಡು ಪಡೆ, ಇಬ್ಬರು ಮುಖ್ಯಸ್ಥರು. ಸಿನಿಮಾದಲ್ಲಿ ಒಬ್ಬನೇ ಎಲ್ಲ ಕಡೆ ಓಡುತ್ತಾನೆ.

7. "ಕೊಲೆಗಾರ ಇವನೇ" ಎಂದ ಕೂಡಲೇ ಮೂರು ಪ್ರಶ್ನೆ ಕೇಳಿ

ಮೊದಲನೆಯದು, ಆತ ಆ ದಿನ ಆ ಊರಿನಲ್ಲಿ ಇದ್ದನೇ? ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೊಲೆಗಾರ ಎಂಬ ಕಥೆ ಬಹಳ ಓಡಿದೆ. ಇಬ್ಬರು ಸತ್ತ ಸೆಪ್ಟೆಂಬರ್ 30ರಂದು ಆತ ಸ್ಕಾಟ್ಲೆಂಡ್‌ನಲ್ಲಿದ್ದ.

ಎರಡನೆಯದು, ಆತನಿಂದ ಅದು ಆಗುತ್ತಿತ್ತೇ? ರಾಣಿಯ ವೈದ್ಯ ಸರ್ ವಿಲಿಯಂ ಗಲ್‌ಗೆ ಆಗ 71 ವರ್ಷ. ಹಿಂದಿನ ವರ್ಷವೇ ಪಾರ್ಶ್ವವಾಯು ಬಡಿದಿತ್ತು.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಹರಿತವಾದದ್ದು: ಈ ಹೆಸರನ್ನು ಮೊದಲ ಸಲ ಯಾರು, ಯಾವಾಗ ಹೇಳಿದರು? ಗಲ್ ಮತ್ತು ರಾಜಮನೆತನದ ಸಂಚಿನ ಕಥೆ (ರಾಜಮನೆತನದ ಗುಟ್ಟು ತಿಳಿದಿದ್ದ ಹೆಂಗಸರನ್ನು ಗಲ್ ಕೊಂದ ಎನ್ನುವುದು) ಜನಪ್ರಿಯವಾದದ್ದು 1970ರ ದಶಕದಲ್ಲಿ, ಕೊಲೆಗಳಾಗಿ 80 ವರ್ಷ ಕಳೆದ ಮೇಲೆ. ಅದನ್ನು ಹೇಳಿದಾತ 1978ರಲ್ಲಿ ರಿಪ್ಪರ್ ಭಾಗ ತಾನು ಹುಟ್ಟಿಸಿದ್ದು ಎಂದು ಪತ್ರಿಕೆಗೆ ಒಪ್ಪಿಕೊಂಡ, ಆಮೇಲೆ ಆ ಒಪ್ಪಿಗೆಯನ್ನೂ ಹಿಂದೆ ತೆಗೆದುಕೊಂಡ. ಅಷ್ಟರಲ್ಲಿ ಸಿನಿಮಾದವರಿಗೆ ಬೇಕಾದದ್ದು ಸಿಕ್ಕಿಯಾಗಿತ್ತು.

ಎಚ್ಚರಿಕೆ: "ದಾಖಲೆ ಕಾಣೆಯಾಗಿದೆ, ಅಂದರೆ ಮುಚ್ಚಿಹಾಕಿದ್ದಾರೆ" ಎನ್ನುವ ವಾದಕ್ಕೆ ಬೀಳಬೇಡಿ. ಹಳೆಯ ಕಾಗದಗಳು ಕಳೆದುಹೋಗಲು ಸಂಚೇ ಬೇಕಿಲ್ಲ. ಬಾಂಬಿಗೆ ಸುಟ್ಟವು ಇವೆ, ಜೇಬಿಗೆ ಹೋದವು ಇವೆ. ಮೇಲೆ ಹೇಳಿದ ಸೆಪ್ಟೆಂಬರ್ 25ರ ಪತ್ರವೇ ಪೊಲೀಸ್ ಫೈಲ್‌ನಿಂದ ಕಾಣೆಯಾಗಿತ್ತು. 1987ರಲ್ಲಿ ಯಾರೋ ಹೆಸರು ಹೇಳದೆ ಅಂಚೆಯಲ್ಲಿ ವಾಪಸ್ ಕಳಿಸಿದರು.

ಇನ್ನೊಂದು ಎಚ್ಚರಿಕೆ ಡಿಎನ್‌ಎ ಬಗ್ಗೆ. ಎಡ್ಡೋಸ್‌ಳದ್ದು ಎನ್ನಲಾದ ಶಾಲಿನಿಂದ ಕೋಸ್ಮಿನ್‌ಸ್ಕಿಯೇ ಕೊಲೆಗಾರ ಎಂದು ತಿಳಿಯಿತು ಎಂಬ ಸುದ್ದಿ 2014ರಲ್ಲಿ ಬಂತು, 2019ರಲ್ಲಿ ಮತ್ತೆ ಬಂತು. ಆ ಪರೀಕ್ಷೆ ಮೈಟೊಕಾಂಡ್ರಿಯದ ಡಿಎನ್‌ಎ ಮೇಲೆ ನಡೆದದ್ದು. ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಸಾವಿರಾರು ಜನರಲ್ಲಿ ಒಂದೇ ತರಹ ಇರಬಹುದು. ಒಬ್ಬನನ್ನು ಅಲ್ಲಗಳೆಯಲು ಚೆನ್ನ, ಇವನೇ ಎನ್ನಲು ಸಾಲದು. ಆ ಶಾಲು ಕೊಲೆಯ ಸ್ಥಳದಲ್ಲಿತ್ತು ಎನ್ನಲು ಅಂದಿನ ದಾಖಲೆಯೂ ಇಲ್ಲ.

8. ಸತ್ತವರ ವಯಸ್ಸು, ಬದುಕು ನೋಡಿ

ಇದನ್ನು ಜನ ಬಿಟ್ಟೇಬಿಡುತ್ತಾರೆ. ತೆರೆಯ ಮೇಲೆ ಐವರೂ ಯುವತಿಯರು, ಒಬ್ಬರಿಗೊಬ್ಬರು ಗೆಳತಿಯರು. ದಾಖಲೆಯಲ್ಲಿ ನಾಲ್ವರು ನಲವತ್ತು ದಾಟಿದವರು. ನಿಕೋಲ್ಸ್‌ಗೆ 43, ಸ್ಟ್ರೈಡ್‌ಗೆ 44, ಎಡ್ಡೋಸ್‌ಗೆ 46, ಚಾಪ್‌ಮನ್ ಕೂಡ ಹೆಚ್ಚು ಕಡಿಮೆ ಅದೇ ವಯಸ್ಸು. ಕೆಲ್ಲಿ ಮಾತ್ರ ಸುಮಾರು 25. ಅವರೆಲ್ಲ ಪರಿಚಯದವರು ಎನ್ನಲು ಆಧಾರವಿಲ್ಲ. ಆದರೆ ಸಂಚಿನ ಕಥೆಗೆ ಆ ಗೆಳೆತನ ಬೇಕೇ ಬೇಕು, ಇಲ್ಲದಿದ್ದರೆ ಐವರಿಗೂ ಒಂದೇ ಗುಟ್ಟು ಗೊತ್ತಾಗುವುದು ಹೇಗೆ?

ಲಾಸ್ ಏಂಜಲೀಸ್‌ನಲ್ಲಿ 1947ರ ಜನವರಿ 15ರಂದು ಶವವಾಗಿ ಸಿಕ್ಕ 22 ವರ್ಷದ ಎಲಿಜಬೆತ್ ಶಾರ್ಟ್‌ಗೂ ಇದೇ ಆಯಿತು. ಪತ್ರಿಕೆಗಳು ಬ್ಲ್ಯಾಕ್ ಡೇಲಿಯಾ ಎಂಬ ಹೆಸರನ್ನು ಮೆರೆಸಿದವು. ಕಥೆಗಳು ಆಕೆಯನ್ನು ಸಿನಿಮಾ ನಟಿ ಮಾಡಿದವು, ಅದಕ್ಕಿಂತ ಕೀಳಾದದ್ದನ್ನೂ ಮಾಡಿದವು. ಆಕೆ ಯಾವ ಸಿನಿಮಾದಲ್ಲಿ ನಟಿಸಿದ್ದಕ್ಕೂ ದಾಖಲೆ ಸಿಕ್ಕಿಲ್ಲ. ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಸತ್ತವಳು ಸಾಯುವ ಮೊದಲು ಸಿನಿಮಾದಲ್ಲಿ ಎಷ್ಟು ನಿಮಿಷ ಇದ್ದಳು, ಕೊಲೆಗಾರ ಎಷ್ಟು ನಿಮಿಷ ಇದ್ದ, ಗಡಿಯಾರ ಹಿಡಿದು ಲೆಕ್ಕ ಹಾಕಿ.

9. ಟಿಪ್ಪಣಿಗೆ ತಾರೀಖು ಹಾಕಿಡಿ

ನಿಮ್ಮ ಕಾಲಂಗಳೂ ಹಳೆಯದಾಗುತ್ತವೆ. ದಕ್ಷಿಣ ಕೊರಿಯಾದ ಹ್ವಾಸಾಂಗ್‌ನಲ್ಲಿ 1986 ಮತ್ತು 1991ರ ನಡುವೆ ಹತ್ತು ಜನ ಹೆಂಗಸರು, ಹುಡುಗಿಯರು ಕೊಲೆಯಾದರು. ಆ ಕೇಸಿನ ಮೇಲೆ 2003ರಲ್ಲಿ ಬಂದ ಸಿನಿಮಾ ಜಗತ್ತಿನಲ್ಲೆಲ್ಲ ಹೆಸರು ಮಾಡಿತು. ಅದರಲ್ಲಿ ಕೊಲೆಗಾರ ಸಿಗುವುದಿಲ್ಲ. 2019ರಲ್ಲಿ ಡಿಎನ್‌ಎಯಿಂದ ಕೊಲೆಗಾರ ಗೊತ್ತಾದ. ಇನ್ನೊಂದು ಕೊಲೆಗಾಗಿ ಆತ 1994ರಿಂದಲೇ ಜೈಲಿನಲ್ಲಿದ್ದ. ಹತ್ತರಲ್ಲಿ ಒಂದು ಕೊಲೆಗೆ ಬೇರೊಬ್ಬ ಅಮಾಯಕ ಸುಮಾರು 20 ವರ್ಷ ಸೆರೆಯಲ್ಲಿ ಕಳೆದಿದ್ದ. 2020ರ ಡಿಸೆಂಬರ್‌ನಲ್ಲಿ ಕೋರ್ಟ್ ಅವನನ್ನು ನಿರ್ದೋಷಿ ಎಂದಿತು. 2018ರಲ್ಲಿ "ಗೊತ್ತಿಲ್ಲ" ಎಂದು ಬರೆದುಕೊಂಡವರು ಎರಡು ವರ್ಷದಲ್ಲಿ ಇಡೀ ಪುಟ ತಿದ್ದಬೇಕಾಯಿತು.

ಹೊಸ ಸುದ್ದಿ ಬಂದರೆ ಕೇಸ್ ಮುಗಿಯಿತು ಎಂದೂ ಅಲ್ಲ. ಝೋಡಿಯಾಕ್ 1969ರ ನವೆಂಬರ್‌ನಲ್ಲಿ 340 ಚಿಹ್ನೆಗಳ ಗೂಢಲಿಪಿಯೊಂದನ್ನು ಪತ್ರಿಕೆಗೆ ಕಳಿಸಿದ್ದ. ಅದರೊಳಗೆ ತಮ್ಮ ಶಂಕಿತನ ಹೆಸರು ಕಂಡೆವು ಎಂದವರು ಎಷ್ಟೋ ಜನ. 2020ರ ಡಿಸೆಂಬರ್‌ನಲ್ಲಿ ಮೂವರು ಹವ್ಯಾಸಿಗಳು ಸೇರಿ ಅದನ್ನು ಬಿಡಿಸಿದರು, ಎಫ್‌ಬಿಐ ಕೂಡ ಸರಿ ಎಂದಿತು. ನನ್ನನ್ನು ಹಿಡಿಯಲು ಹೊರಟು ನಿಮಗೆ ಮಜಾ ಬರುತ್ತಿರಬೇಕು ಎಂಬ ಗೇಲಿ ಇತ್ತು, ಸಾವಿಗೆ ಹೆದರುವುದಿಲ್ಲ ಎಂಬ ಬಡಾಯಿ ಇತ್ತು. ಹೆಸರು ಇರಲಿಲ್ಲ.